ಬೀಗಿತ್ತಿಗೊಂದು ಬೆಚ್ಚನೆ ಕೋಣೆ

ಗ್ಲೆಂಡಾ: ತಬ್ಕೊಂಡು ಮಲಗಿದ್ರೆ ರೇಡಿಯೇಟರ್ ಬಿಸಿ ಆಗಲ್ಲ ಮಾಲ್ಕಮ್. ಎದ್ದೇಳು.

ಮಾಲ್ಕಮ್: ತಬ್ಕೊಂಡಿಲ್ಲ ಮಾರಾಯ್ತಿ. ಕಿವಿ ಇಟ್ಟು ಕೇಳ್ತಿದೀನಿ. ಒಳಗೆ ನೀರು ಹರಿಯೋ ಸದ್ದು ಬರುತ್ತಾ ಅಂತ.

ಗ್ಲೆಂಡಾ: ಏನಂತೆ?

ಮಾಲ್ಕಮ್: ಏನೂ ಮಾತಾಡ್ತಿಲ್ಲ.

ಗ್ಲೆಂಡಾ: ನಿನಗಿಂತ ಬುದ್ಧಿ ಇದೆ ಅದಕ್ಕೆ.

ನಾನು ಒಳಗೆ ಕಾಲಿಟ್ಟದ್ದು ಈ ಹೊತ್ತಿಗೆ. ನಾನೆಂದರೆ ಈ ಗಂಡಹೆಂಡಿರ ಪಕ್ಕದ ಮನೆಯ ಮೇವಿಸ್. ನಮ್ಮ ಎರಡೂ ಮನೆಗಳ ನಡುವೆ ಇರುವುದು ಒಂದೇ ಗೋಡೆ. ಗ್ಲೆಂಡಾ ಪೊರಕೆಯ ಹಿಡಿಯಿಂದ ಆ ಗೋಡೆಗೆ ಕುಟ್ಟಿದಳೆಂದರೆ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು. ಅವರ ಮುಂದಿನ ಕೋಣೆಯನ್ನು ಬೆಚ್ಚಗಿಡಬೇಕಾದ ಕಬ್ಬಿಣದ ರೇಡಿಯೇಟರ್ ಆ ಗೋಡೆಯ ಆಚೆ ಬದಿಗಿದೆ, ಈಚೆ ಬದಿಗೆ ನನ್ನ ಸೋಫಾ ಇದೆ. ಅದು ಬಿಸಿಯಾದರೆ ನನ್ನ ಬೆನ್ನಿಗೂ ಸುಖ. ಹಾಗಾಗಿ ಅದು ರಿಪೇರಿಯಾಗಲಿ ಎಂಬ ಆಸೆ ನನಗೂ ಇತ್ತು, ಅದನ್ನು ಮುಚ್ಚಿಡುವುದೇಕೆ?

ಅವರ ಮನೆಯಲ್ಲಿ ಒಟ್ಟು ಎಂಟು ರೇಡಿಯೇಟರ್. ಅಡುಗೆಮನೆಯ ಬಾಯ್ಲರ್‌ನಿಂದ ಬಿಸಿನೀರು ಪೈಪುಗಳಲ್ಲಿ ಸುತ್ತಿ ಬಂದು ಎಂಟನ್ನೂ ಕಾಯಿಸಬೇಕು. ಏಳು ಕಾದಿದ್ದವು. ಕಾಯದೆ ಕೂತಿದ್ದದ್ದು ಮುಂದಿನ ಕೋಣೆಯದು. ಇಂಗ್ಲೆಂಡಿನ ಉತ್ತರಕ್ಕಿರುವ ನಮ್ಮ ಯಾರ್ಕ್‌ಷೈರಿನಲ್ಲಿ ಮುಂದಿನ ಕೋಣೆ ಎಂದರೆ ಮನೆಯವರಿಗಲ್ಲ. ಒಳ್ಳೆಯ ಸೋಫಾ, ಕೆನೆಬಣ್ಣದ ಕಾರ್ಪೆಟ್ಟು, ಗಾಜಿನ ಬೀರುವಿನಲ್ಲಿ ಯಾರೂ ಟೀ ಕುಡಿಯದ ಕಪ್ಪುಗಳು ಎಲ್ಲ ಅಲ್ಲಿರುತ್ತವೆ. ಬಾಗಿಲು ತೆರೆಯುವುದು ಪಾದ್ರಿ ಬಂದರೆ, ಇಲ್ಲವೇ ಮನೆಯಲ್ಲಿ ಯಾರಾದರೂ ಸತ್ತರೆ.

ನಾನು: ಯಾರು ಹೋದ್ರು?

ಗ್ಲೆಂಡಾ: ಇನ್ನೂ ಯಾರೂ ಹೋಗಿಲ್ಲ. ಮೂರು ಗಂಟೆ ಹೊತ್ತಿಗೆ ಇವನು ಹೋಗಬಹುದು. ಬೀಗಿತ್ತಿ ಬರ್ತಿದಾರೆ ಮೇವಿಸ್! ನಮ್ಮ ಬೆಥನಿ ಮದುವೆ ಆಗೋ ಹುಡುಗನ ತಾಯಿ, ಫಿಲಿಪಾ. ದಕ್ಷಿಣದಿಂದ, ಸರ್ರಿಯಿಂದ, ಒಬ್ಬರೇ ಕಾರು ಓಡಿಸ್ಕೊಂಡು.

ನಾನು: ಅದಕ್ಕೇನು? ಅಡುಗೆಮನೇಲಿ ಕೂರಿಸು. ಓವನ್ ಉರೀತಿದೆ, ಸ್ಕೋನ್ ಬನ್ನಿನ ವಾಸನೆ ಘಮ್ ಅಂತಿದೆ.

ಗ್ಲೆಂಡಾ: ಬೀಗಿತ್ತೀನ ಅಡುಗೆಮನೇಲಿ ಕೂರಿಸ್ಲಾ? ಮದುವೆ ಎಲ್ಲಿ ಅಂತ ಮಾತಾಡೋಕೆ ಬರ್ತಿರೋದು ಅವರು. ಹದಿನಾಲ್ಕು ಮಲಗೋ ಕೋಣೆ ಇರೋ ಮನೆಯಂತೆ ಅವರದ್ದು. ಇಲ್ಲಿ ಗಡಗಡ ನಡುಗಿಕೊಂಡು ಟೀ ಕುಡಿದ್ರೆ ಏನಂತಾರೆ ಹೇಳು? 'ಪಾಪ, ಉತ್ತರದ ಜನ, ಇವರಿಗ್ಯಾಕೆ ತೊಂದರೆ, ಮದುವೆ ನಮ್ಮಲ್ಲೇ ಆಗ್ಲಿ' ಅಂತಾರೆ. ನನಗಿರೋಳು ಒಬ್ಬಳೇ ಮಗಳು. ಈ ಬೀದಿ ಬಾಗಿಲಿಂದ ಹೊರಟು ನಮ್ಮ ಚಾಪೆಲ್ ಚರ್ಚಿಗೆ ನಡ್ಕೊಂಡು ಹೋಗಬೇಕು ಅವಳು, ನಾನು ಹೋದ ಹಾಗೆ. ಅಲ್ಲಿ ಮದುವೆ ಆದ್ರೆ ನಾನು ಹೆತ್ತ ತಾಯಿ ಅಲ್ಲ, ಊಟಕ್ಕೆ ಬಂದ ನೆಂಟಳು.

ಇಷ್ಟು ಹೇಳುವಾಗ ಅವಳ ದನಿ ಸ್ವಲ್ಪ ನಡುಗಿತು. ಚಳಿಗೆ ಎಂದುಕೊಳ್ಳಲಿ ಎಂದು ಅವಳು ಸ್ವೆಟರಿನ ಗುಂಡಿ ಹಾಕಿಕೊಂಡಳು. ನನಗೆ ಪಾಪ ಎನಿಸಿತು.

ಗ್ಲೆಂಡಾ: ಪ್ಲಂಬರ್‌ನ ಕರಿ ಅಂತ ಸೋಮವಾರವೇ ಬಡ್ಕೊಂಡೆ.

ಮಾಲ್ಕಮ್: ಇಷ್ಟಕ್ಕೆಲ್ಲ ಪ್ಲಂಬರಾ? ಈ ಮನೆ ಪೈಪು ಪೂರ್ತಿ ಹಾಕಿದ್ದು ನಾನು. ಈ ಎರಡು ಕೈಯಿಂದ.

ಗ್ಲೆಂಡಾ: ಜೀವಮಾನ ಪೂರ್ತಿ ಬಸ್ ಓಡಿಸಿದ ಕೈ ಅದು. ಅದಕ್ಕೇ ಬಿಸಿನೀರು ಎಲ್ಲಾ ಸ್ಟಾಪಲ್ಲೂ ನಿಂತು ನಿಂತು ಬರುತ್ತೆ.

ಮಾಲ್ಕಮ್: ಒಳಗೆ ಗಾಳಿ ಸಿಕ್ಕಿಹಾಕಿಕೊಂಡಿದೆ ಅಷ್ಟೆ. ಗಾಳಿ ಬಿಟ್ರೆ ನೀರು ಬರುತ್ತೆ. ಮೇವಿಸ್, ಕೀಲಿ ತಂದ್ಯಾ?

ರೇಡಿಯೇಟರಿನ ಗಾಳಿ ಬಿಡಲು ಹೆಬ್ಬೆರಳಷ್ಟು ಉದ್ದದ ಹಿತ್ತಾಳೆ ಕೀಲಿಯೊಂದಿರುತ್ತದೆ. ನಮ್ಮ ಬೀದಿಯಲ್ಲಿ ಅದನ್ನು ಕೊಳ್ಳದವರಿಲ್ಲ, ಕಳೆಯದವರೂ ಇಲ್ಲ. ಉಳಿದಿರುವುದು ನನ್ನದೊಂದೇ. ಕೊಟ್ಟೆ. ಮಾಲ್ಕಮ್ ಮಂಡಿಯೂರಿ ಕೀಲಿ ತಿರುಗಿಸಿದ. ಗ್ಲೆಂಡಾ ಕೆಳಗೆ ಬಟ್ಟಲು ಹಿಡಿದಳು. ಗಾಳಿಯ ಬದಲು ಕಪ್ಪು ನೀರು ಪಿಚಕ್ಕೆಂದು ಚಿಮ್ಮಿ, ಬಟ್ಟಲನ್ನು ದಾಟಿ, ಸೋಫಾದ ಮೇಲಿನ ಬಿಳಿ ಕಸೂತಿ ಬಟ್ಟೆಯ ಮೇಲೆ ಕೂತಿತು.

ಗ್ಲೆಂಡಾ: ನಮ್ಮಜ್ಜಿ ಹಾಕಿದ ಕಸೂತಿ ಅದು!

ಮಾಲ್ಕಮ್: ತಿರುಗಿಸಿ ಹಾಕು. ಆ ಕಡೆ ಬೆಳ್ಳಗೇ ಇದೆಯಲ್ಲ?

ಗ್ಲೆಂಡಾ: ಆ ಕಡೆ ಹಿಂದಿನ ಸಲ ನೀನು ಚೆಲ್ಲಿದ ಗ್ರೇವಿ ಇದೆ.

ಮಾಲ್ಕಮ್: ಅಂದ್ರೆ ಗಾಳಿ ಇಲ್ಲಿಲ್ಲ. ಮೇಲಿದೆ. ಗಾಳಿ ಯಾವಾಗಲೂ ಮೇಲಕ್ಕೇ ಹೋಗೋದು.

ಗ್ಲೆಂಡಾ: ಮೇಲಿನವೆಲ್ಲ ಬಿಸಿ ಇವೆ ಮಾಲ್ಕಮ್!

ಮಾಲ್ಕಮ್: ಬಿಸಿ ಇದೆ ಅಂತ ನಂಬಬಾರದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಕತೆ ಮೇಲಂತಸ್ತಿನಲ್ಲಿ ಶುರುವಾಯಿತು. ಮಲಗುವ ಕೋಣೆ, ಬಚ್ಚಲು, ಬೆಥನಿಯ ಕೋಣೆ ಎನ್ನುತ್ತ ಒಂದೊಂದಕ್ಕೂ ಕೀಲಿ ತಿರುಗಿಸಿ, ಒಂದೊಂದರಿಂದಲೂ ಬಟ್ಟಲು ತುಂಬ ನೀರು ಬಸಿದು, 'ಇದು ಸರಿಯಿದೆ' ಎಂದು ಅವನು ಮುಂದೆ ಹೋಗುತ್ತಿದ್ದ. ನಾವು ಕೆಳಗೆ ನಿಂತು ಕೇಳಿಸಿಕೊಳ್ಳುತ್ತಿದ್ದೆವು. ಕೊನೆಗೆ ಅಡುಗೆಮನೆಯಲ್ಲಿ ಬಾಯ್ಲರ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಗ್ಲೆಂಡಾ: ಏನದು?

ಮಾಲ್ಕಮ್: (ಮೆಟ್ಟಿಲ ಮೇಲಿನಿಂದ) ಏನಿಲ್ಲ. ನೀರು ಜಾಸ್ತಿ ಹೋಯ್ತು. ಒತ್ತಡ ಇಳಿದಿದೆ.

ಗ್ಲೆಂಡಾ: ಇಳಿದಿದ್ದಷ್ಟೂ ನನಗೆ ಏರಿದೆ. ಮೇವಿಸ್, ಆ ಅಡುಗೆಮನೇದು ಮುಟ್ಟಿ ನೋಡೇ.

ನಾನು: ತಣ್ಣಗಾಗ್ತಿದೆ.

ಗ್ಲೆಂಡಾ: ಹಜಾರದ್ದು?

ನಾನು: ಅದೂ.

ಗ್ಲೆಂಡಾ: ಬೆಳಿಗ್ಗೆ ಒಂದು ತಣ್ಣಗಿತ್ತು. ಈಗ ಎಂಟೂ ತಣ್ಣಗೆ. ಭೇದಭಾವ ಇಲ್ಲದ ಕೆಲಸ ಮಾಡಿದೀಯ ಮಾಲ್ಕಮ್.

ಮಾಲ್ಕಮ್: ಬಾಯ್ಲರ್ ಕೆಳಗೊಂದು ನಲ್ಲಿ ಇದೆ. ಅದನ್ನ ತೆಗೆದು ನೀರು ತುಂಬಿದ್ರೆ ಒತ್ತಡ ಬರುತ್ತೆ, ಬಾಯ್ಲರ್ ಮತ್ತೆ ಹತ್ತುತ್ತೆ. ಐದು ನಿಮಿಷದ ಕೆಲಸ. ಅವರು ಬರೋದು ಮೂರಕ್ಕಲ್ವಾ?

ಬಾಗಿಲ ಗಂಟೆ ಆಗ ಬಾರಿಸಿತು.

ಫಿಲಿಪಾ ಎತ್ತರದ ಹೆಂಗಸು. ನೆಲ ಮುಟ್ಟುವ ಹಳೆಯ ಕೋಟು, ಕೋಟಿನ ತುಂಬ ನಾಯಿಯ ಕೂದಲು, ಮೊಣಕೈಗೆ ಚರ್ಮದ ತೇಪೆ. ನಮ್ಮ ಬೀದಿಯಲ್ಲಿ ಅಂಥ ಕೋಟು ತೊಟ್ಟರೆ ಚಾಪೆಲ್‌ನವರು ಸೇರಿ ಹೊಸದು ಕೊಡಿಸುತ್ತಾರೆ. ಅಷ್ಟು ಹಳೆಯದನ್ನು ನಾಚಿಕೆಯಿಲ್ಲದೆ ತೊಡಬೇಕಾದರೆ ತುಂಬ ದೊಡ್ಡ ಮನೆಯವರೇ ಆಗಿರಬೇಕು.

ಫಿಲಿಪಾ: ಕ್ಷಮಿಸಿ, ತುಂಬ ಬೇಗ ಬಂದ್ಬಿಟ್ಟೆ ಅನ್ಸುತ್ತೆ.

ಗ್ಲೆಂಡಾ: ಅಯ್ಯೋ, ಎಲ್ಲಾದ್ರೂ ಉಂಟಾ! ಒಳಗೆ ಬನ್ನಿ, ಬನ್ನಿ. ಇವಳು ಮೇವಿಸ್, ಪಕ್ಕದ ಮನೆಯವಳು. ಈಗ ಹೊರಡ್ತಾ ಇದ್ಲು.

ನಾನು: ಇಲ್ಲ, ಕೂರ್ತೀನಿ.

ಫಿಲಿಪಾಳನ್ನು ಮುಂದಿನ ಕೋಣೆಯಲ್ಲಿ, ಕಸೂತಿಯ ಕಪ್ಪು ಕಲೆಗೆ ಬೆನ್ನಾನಿಸಿ ಕೂರಿಸಿದ್ದಾಯಿತು. ಕೋಣೆ ಎಷ್ಟು ತಣ್ಣಗಿತ್ತೆಂದರೆ ಬೀರುವಿನ ಗಾಜು ಬೆವರಿತ್ತು. ಅತ್ತ ಅಡುಗೆಮನೆಯಲ್ಲಿ ಮಾಲ್ಕಮ್ ಬಾಯ್ಲರಿನ ಕೆಳಗೆ ತಲೆ ತೂರಿಸಿದ್ದ. ಬೀಗಿತ್ತಿ ಬಂದದ್ದು ಅವನಿಗೆ ಗೊತ್ತಿರಲಿಲ್ಲ.

ಮಾಲ್ಕಮ್: (ಒಳಗಿನಿಂದ ಕೂಗಿ) ಗ್ಲೆಂಡಾ! ನೀರು ಬಿಡ್ತಿದೀನಿ!

ಫಿಲಿಪಾ: ಅವರು...?

ಗ್ಲೆಂಡಾ: ನಮ್ಮ ಮನೆಯವರು. ಟೀ ಮಾಡ್ತಿದಾರೆ.

ಮಾಲ್ಕಮ್: ಎಲ್ಲಾದ್ರೂ ಸೋರಿದ್ರೆ ಕೂಗು!

ಫಿಲಿಪಾ: ತುಂಬ ಜಾಗ್ರತೆಯಿಂದ ಮಾಡ್ತಾರೆ.

ಮಾಲ್ಕಮ್: ಸಾಲ್ದು! ಇನ್ನೊಂದು ಬಕೆಟ್ ಆದ್ರೂ ಬೇಕು!

ಫಿಲಿಪಾ: ಅಯ್ಯೋ, ನನಗೆ ಒಂದೇ ಕಪ್ ಸಾಕು.

ನಮ್ಮ ದೇಶದಲ್ಲಿ ನೆಂಟರ ಮನೆಗೆ ಹೋದವರು ಚಳಿಯಾದರೆ 'ಹಿತವಾಗಿದೆ' ಎನ್ನಬೇಕು, ಸೆಕೆಯಾದರೂ 'ಹಿತವಾಗಿದೆ' ಎನ್ನಬೇಕು. ಯಾವ ಹಿತ ಎಂಥದ್ದೆಂದು ಮುಖ ನೋಡಿ ತಿಳಿದುಕೊಳ್ಳುವ ಹೊಣೆ ಮನೆಯವರದು. ಗ್ಲೆಂಡಾ ಫಿಲಿಪಾಳ ಮುಖದಿಂದ ಕಣ್ಣು ಕೀಳದೆ ಕೂತಿದ್ದಳು. ಫಿಲಿಪಾ ಎದ್ದು, ನಿಧಾನವಾಗಿ ಕೋಟು ಬಿಚ್ಚಿ, ಮಡಚಿ ಪಕ್ಕಕ್ಕಿಟ್ಟು ನಕ್ಕಳು.

ಫಿಲಿಪಾ: ಎಷ್ಟು ಬೆಚ್ಚಗಿದೆ ನಿಮ್ಮ ಮನೆ!

ಗ್ಲೆಂಡಾಳ ಮುಖ ಸುಣ್ಣವಾಯಿತು. 'ಟೀ ನೋಡಿ ಬರ್ತೀನಿ' ಎಂದು ಎದ್ದವಳು ನನ್ನ ರಟ್ಟೆ ಹಿಡಿದು ಎಳೆದುಕೊಂಡೇ ಹೋದಳು. ಬಾಯ್ಲರ್ ಹತ್ತಿಕೊಂಡಿತ್ತು. ಮಾಲ್ಕಮ್ ಗೆದ್ದವನ ನಗೆ ನಗುತ್ತ ಒದ್ದೆ ತಲೆ ಒರೆಸಿಕೊಳ್ಳುತ್ತಿದ್ದ.

ಮಾಲ್ಕಮ್: ನೋಡು, ಏಳೂ ಬಿಸಿ ಏರ್ತಿವೆ.

ಗ್ಲೆಂಡಾ: (ಪಿಸುದನಿಯಲ್ಲಿ) ಚುಚ್ಚಿದಳು! ಬಂದು ಕೂತ ಕೂಡಲೇ ಚುಚ್ಚಿದಳು!

ಮಾಲ್ಕಮ್: ಯಾರು? ಬಂದೇ ಬಿಟ್ರಾ? ಏನಂದ್ರು?

ಗ್ಲೆಂಡಾ: ಬೆಚ್ಚಗಿದೆ ಅಂದಳು.

ಮಾಲ್ಕಮ್: ಒಳ್ಳೇದೇ ಅಲ್ವಾ?

ಗ್ಲೆಂಡಾ: ಆ ಕೋಣೇಲಿ ಟೀಗಿಂತ ಜಾಸ್ತಿ ಹೊಗೆ ಮಾತಾಡೋರ ಬಾಯಿಂದ ಬರ್ತಿದೆ. ಅಲ್ಲಿ ಕೂತು ಬೆಚ್ಚಗಿದೆ ಅಂದ್ರೆ ಏನರ್ಥ? ಕೋಟ್ ಬೇರೆ ಬಿಚ್ಚಿ ತೋರಿಸಿದಳು! ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಮಾಲ್ಕಮ್. ಆ ರೇಡಿಯೇಟರ್ ಯಾಕೆ ತಣ್ಣಗಿದೆ, ಈಗ ಹೇಳು.

ಮಾಲ್ಕಮ್: ಗಾಳಿ ಅಲ್ಲ ಅಂದ್ಮೇಲೆ ವಾಲ್ವ್ ಇರಬೇಕು. ತಿರುಪಿನ ಒಳಗೊಂದು ಸಣ್ಣ ಮೊಳೆ ಇರುತ್ತೆ. ತುಂಬ ದಿನ ಮುಚ್ಚಿಟ್ರೆ ಅಲ್ಲೇ ಹಿಡ್ಕೊಂಡ್‌ಬಿಡುತ್ತೆ.

ಗ್ಲೆಂಡಾ: ಯಾವಾಗ ಮುಚ್ಚಿದ್ದು?

ಮಾಲ್ಕಮ್ ಟವಲ್ಲಿನೊಳಗೆ ಮುಖ ಹುದುಗಿಸಿದ.

ಮಾಲ್ಕಮ್: ಅಮ್ಮ ಹೋದಾಗ ಶವದ ಪೆಟ್ಟಿಗೆ ಅಲ್ಲಿ ಇಟ್ಟಿದ್ವಲ್ಲ, ಆಗ. ಕೋಣೆ ತಣ್ಣಗಿರಲಿ ಅಂತ ಸೊನ್ನೆಗೆ ತಿರುಗಿಸಿದ್ದೆ.

ಗ್ಲೆಂಡಾ: ಆಮೇಲೆ ತೆಗೀಲೇ ಇಲ್ವಾ?

ಮಾಲ್ಕಮ್: ಆಮೇಲೆ ಯಾರು ಬಂದ್ರು?

ಗ್ಲೆಂಡಾ: ಪಾದ್ರಿ ಬಂದಿದ್ರಲ್ಲೋ, ಎಷ್ಟು ಸಲ!

ಮಾಲ್ಕಮ್: ಅವರು ಕೋಟ್ ಬಿಚ್ತಿರಲಿಲ್ಲ. ಬೇಗ ಎದ್ದು ಹೋಗ್ತಿದ್ರು. ಅನುಕೂಲವೇ ಆಗಿತ್ತು.

ನಾನು: ಅಂದ್ರೆ ನಿಮ್ಮತ್ತೆಗೆ ಅಂತ ತಣ್ಣಗೆ ಮಾಡಿದ ಕೋಣೇಲಿ ಈಗ ಬೀಗಿತ್ತೀನ ಕೂರಿಸಿದ್ದೀರ.

ಸ್ಕೋನ್ ಹಿಟ್ಟು ಮೆತ್ತಿದ್ದ ಲಟ್ಟಣಿಗೆ ಮೇಜಿನ ಮೇಲಿತ್ತು. ಗ್ಲೆಂಡಾ ಅದನ್ನು ಎತ್ತಿಕೊಂಡಳು. ಮಾಲ್ಕಮ್ ಎರಡು ಹೆಜ್ಜೆ ಹಿಂದೆ ಸರಿದು ಇಕ್ಕಳ ಹುಡುಕತೊಡಗಿದ. ಮೂವರೂ ಮೆರವಣಿಗೆಯಲ್ಲಿ ಮುಂದಿನ ಕೋಣೆಗೆ ಬಂದೆವು: ಇಕ್ಕಳ ಹಿಡಿದ ಗಂಡ, ಲಟ್ಟಣಿಗೆ ಹಿಡಿದ ಹೆಂಡತಿ, ಹಿಂದೆ ಟೀ ತಟ್ಟೆ ಹಿಡಿದ ನಾನು. ಮಾಲ್ಕಮ್ ಬೀಗಿತ್ತಿಗೆ ತಲೆಬಾಗಿ, ಸೀದಾ ಹೋಗಿ ರೇಡಿಯೇಟರ್ ಮುಂದೆ ಮಂಡಿಯೂರಿದ.

ಫಿಲಿಪಾ: ಏನಾದ್ರೂ ತೊಂದರೆಯಾ?

ಗ್ಲೆಂಡಾ: ಏನಿಲ್ಲ, ಏನಿಲ್ಲ. ದಿನಾ ಈ ಹೊತ್ತಿಗೆ ಅಲ್ಲಿ ಮಂಡಿ ಊರ್ತಾರೆ.

ಫಿಲಿಪಾ: ಓ... ಪ್ರಾರ್ಥನೆಯಾ?

ನಾನು: ಇವತ್ತಿನ ಮಟ್ಟಿಗೆ ಹೌದು.

ಮಾಲ್ಕಮ್ ತಿರುಪಿನ ತಲೆ ಬಿಚ್ಚಿದ. ಒಳಗೆ ಬೆಂಕಿಕಡ್ಡಿಯ ತಲೆಯಷ್ಟು ಮೊಳೆ ಕಂಡಿತು. ಇಕ್ಕಳದಿಂದ ಹಿಡಿದು ಎಳೆದ. ಅಲುಗಲಿಲ್ಲ.

ಮಾಲ್ಕಮ್: (ಮೆಲ್ಲಗೆ) ಪಕ್ಕದಿಂದ ಒಂದು ಸಣ್ಣ ಏಟು ಕೊಡಬೇಕು. ಹೂವಿನ ಹಾಗೆ. ಮೊಟ್ಟೆ ಒಡೆಯೋ ಅಷ್ಟು—

ಬೆಳಗಿನಿಂದ ತಡೆದುಕೊಂಡದ್ದನ್ನೆಲ್ಲ ಸೇರಿಸಿ ಗ್ಲೆಂಡಾ ಲಟ್ಟಣಿಗೆ ಬೀಸಿದಳು. ಬೀರುವಿನ ಕಪ್ಪುಗಳು ಗಲಗಲ ಎಂದವು. ಆಮೇಲೆ ಗೋಡೆಯೊಳಗೆಲ್ಲೋ ಗುಳುಗುಳು ಎಂದಿತು.

ಗ್ಲೆಂಡಾ: ಈಗ ಮಾತಾಡ್ತು ನೋಡು.

ಮಾಲ್ಕಮ್: ಬಿಸಿ! ಗ್ಲೆಂಡಾ, ಬಿಸಿ ಬರ್ತಿದೆ! ಮೇವಿಸ್, ಮುಟ್ಟು!

ಅಷ್ಟು ವರ್ಷ ಬಾಕಿ ಉಳಿಸಿಕೊಂಡ ಬಿಸಿಯನ್ನೆಲ್ಲ ಆ ರೇಡಿಯೇಟರ್ ಒಂದೇ ಮಧ್ಯಾಹ್ನ ತೀರಿಸಲು ಹೊರಟಿತು. ಫಿಲಿಪಾ ಮೊದಲ ಸ್ವೆಟರ್ ಬಿಚ್ಚಿದಳು. ಎರಡನೆಯದನ್ನೂ ಬಿಚ್ಚಿದಳು. ಅದರ ಕೆಳಗೆ ಇನ್ನೊಂದಿತ್ತು. ಕುತ್ತಿಗೆಯ ಉಣ್ಣೆ ವಸ್ತ್ರ ತೆಗೆದು ಗಾಳಿ ಹಾಕಿಕೊಂಡಳು.

ಗ್ಲೆಂಡಾ: ಸಾಕಷ್ಟು ಬೆಚ್ಚಗಿದೆಯಾ?

ಫಿಲಿಪಾ: ತುಂಬ... ಹಿತವಾಗಿದೆ.

ಗ್ಲೆಂಡಾ: (ನನ್ನ ಕಿವಿಯಲ್ಲಿ) ಇನ್ನೂ ಸಾಲಲಿಲ್ಲ ಅವರಿಗೆ. ಮಾಲ್ಕಮ್, ಬಾಯ್ಲರ್ ಇನ್ನೊಂದು ಗೆರೆ ಏರಿಸು.

ಅವನು ಏರಿಸಿ ಬರುವಷ್ಟರಲ್ಲಿ ಫಿಲಿಪಾ ಎದ್ದು ಹೋಗಿ ಕಿಟಕಿ ತೆರೆದಿದ್ದಳು. ಒಳಗೆ ರೇಡಿಯೇಟರ್ ಉರಿಯುವಾಗ ಕಿಟಕಿ ತೆರೆಯುವುದನ್ನು ನಮ್ಮ ಕಡೆ ಕೊಲೆಗಿಂತ ಒಂದು ಕೈ ಮೇಲೆಂದೇ ಎಣಿಸುತ್ತಾರೆ.

ಮಾಲ್ಕಮ್: ಗ್ಲೆಂಡಾ.

ಗ್ಲೆಂಡಾ: ನೋಡಿದೆ.

ಮಾಲ್ಕಮ್: ಕಿಟಕಿ ತೆಗೆದಿದಾರೆ.

ಗ್ಲೆಂಡಾ: ಹೂಂ.

ಮಾಲ್ಕಮ್: ರೇಡಿಯೇಟರ್ ಉರೀತಿದೆ.

ಗ್ಲೆಂಡಾ: ಸ್ಕೋನ್ ತಗೋ, ಮಾಲ್ಕಮ್.

ಮಾಲ್ಕಮ್: ಎರಡೂ ಒಟ್ಟಿಗೆ, ಗ್ಲೆಂಡಾ.

ಗ್ಲೆಂಡಾ: ಬಾಯಿ ತುಂಬ ತಗೋ.

ಫಿಲಿಪಾ: ನಿಜ ಹೇಳ್ಬಿಡ್ತೀನಿ. ನಾನು ನಾಚಿಕೊಂಡೇ ಇಲ್ಲಿಗೆ ಬಂದೆ. ಮದುವೆ ನಿಮ್ಮಲ್ಲೇ ಮಾಡಿಕೊಡಿ ಅಂತ ಕೇಳೋಣ ಅಂತ.

ಗ್ಲೆಂಡಾ ಕಪ್ಪನ್ನು ಕೆಳಗಿಟ್ಟಳು.

ಗ್ಲೆಂಡಾ: ನಮ್ಮಲ್ಲಾ?

ಫಿಲಿಪಾ: ನಮ್ಮ ಮನೆ ದೊಡ್ಡದು ಹೌದು. ನಲವತ್ತು ರೇಡಿಯೇಟರ್ ಇವೆ, ಒಂದೂ ಕಾಯಲ್ಲ. ನಾಯಿ ಕುಡಿಯೋ ನೀರು ಅಡುಗೆಮನೇಲೇ ಹೆಪ್ಪುಗಟ್ಟುತ್ತೆ. ಒಳಗೆ ಬಂದ ಕೂಡ್ಲೇ ನಿಮ್ಮ ಮನೆ ಎಷ್ಟು ಬೆಚ್ಚಗೆ ಅನ್ಸಿತು ಗೊತ್ತಾ! ಅಷ್ಟು ಸಾಲ್ದು ಅಂತ ಮತ್ತೆ ಇವರು ಬಂದು ತಿರುಪು ಬಿಚ್ಚಿ ಇಷ್ಟು ಮಾಡಿದ್ರು.

ಗ್ಲೆಂಡಾ: (ಎದೆಯುಬ್ಬಿಸಿ) ನಮ್ಮ ಮಾಲ್ಕಮ್ ಕೈಯಲ್ಲಿ ಆಗದ್ದೇ ಇಲ್ಲ. ಈ ಮನೆ ಪೈಪು ಪೂರ್ತಿ ಹಾಕಿದ್ದು ಇವರೇ.

ಹೊಗಳಿಕೆ ಕೇಳಿ ಮಾಲ್ಕಮ್ ಕಿಟಕಿಯನ್ನೂ ಮರೆತ.

ಫಿಲಿಪಾ: ಅದಕ್ಕೇ ಯೋಚನೆ ಬಂತು. ಇವರು ಒಂದು ವಾರ ನಮ್ಮಲ್ಲಿಗೆ ಬಂದು ಆ ನಲವತ್ತನ್ನೂ ಸರಿ ಮಾಡಿಕೊಟ್ರೆ ನಿಮಗ್ಯಾಕೆ ತೊಂದರೆ? ಮದುವೆ ನಮ್ಮಲ್ಲೇ ಇಟ್ಕೊಳ್ಳಬಹುದಲ್ಲ!

ರೇಡಿಯೇಟರ್ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಸ್ಕೋನ್ ಕಚ್ಚಿದವಳು ಅಗಿಯುವುದನ್ನು ನಿಲ್ಲಿಸಿದೆ.

ಗ್ಲೆಂಡಾ: ಇವನಿಗೆ ಏನೂ ಬರಲ್ಲ.

ಫಿಲಿಪಾ: ಈಗ ತಾನೇ ಅಂದ್ರಿ...

ಗ್ಲೆಂಡಾ: ಮುಖಸ್ತುತಿ ಅದು! ಒಂದು ಸರಿ ಮಾಡೋಕೆ ಹೋಗಿ ಎಂಟು ಕೆಡಿಸಿದ. ಕೇಳಿ ಬೇಕಾದ್ರೆ, ಮೇವಿಸ್ ಇದ್ಲು!

ಫಿಲಿಪಾ: (ನಕ್ಕು) ನೀವು ಸುಮ್ನೆ ಹಾಗಂತೀರ. ನಾನೂ ನಮ್ಮನೆಯವರು ಇದ್ದಾಗ ಹಾಗೇ ಅಂತಿದ್ದೆ. ಮಿಸ್ಟರ್ ಸಗ್ಡನ್, ನೀವೇ ಹೇಳಿ. ಬರುತ್ತೆ ಅಲ್ವಾ ನಿಮಗೆ?

ಮಾಲ್ಕಮ್ ಎದ್ದು ನಿಂತ. ದಾರಿ ತಪ್ಪಿ ಬಸ್ಸನ್ನು ದನದ ಸಂತೆಗೆ ನುಗ್ಗಿಸಿದ ದಿನವೂ 'ರಸ್ತೆ ಬದಲಾಗಿದೆ' ಎಂದವನು ಅವನು. ಸೋತೆ ಎಂದು ಅವನ ಬಾಯಿಂದ ನಾನು ಕೇಳಿದ್ದಿಲ್ಲ. ಬೀಗಿತ್ತಿ ಬೆರಗಿನಿಂದ ಅವನನ್ನೇ ನೋಡುತ್ತಿದ್ದಳು. ಗ್ಲೆಂಡಾ ಅವನನ್ನು ನೋಡಲಿಲ್ಲ. ಮಡಿಲಲ್ಲಿದ್ದ ಲಟ್ಟಣಿಗೆಯನ್ನು ನೋಡುತ್ತ ಕೂತಿದ್ದಳು. ಮಾಲ್ಕಮ್ ಅವಳ ನೆತ್ತಿಯನ್ನೊಮ್ಮೆ ನೋಡಿದ.

ಮಾಲ್ಕಮ್: ಇಲ್ಲ ಮೇಡಮ್. ನನಗೆ ಏನೂ ಬರಲ್ಲ.

ಫಿಲಿಪಾ: ನಿಜವಾಗ್ಲೂ?

ಮಾಲ್ಕಮ್: ನಿಜವಾಗ್ಲೂ. ಬೆಳಿಗ್ಗೆ ಏಳು ಬಿಸಿ ಇದ್ವು. ನಾನು ಕೈ ಹಾಕಿದ ಮೇಲೆ ಒಂದೂ ಇರಲಿಲ್ಲ. ಈಗ ಇದನ್ನ ಸರಿ ಮಾಡಿದ್ದು ನನ್ನ ಹೆಂಡತಿ, ಲಟ್ಟಣಿಗೆಯಲ್ಲಿ.

ಫಿಲಿಪಾ: ಹಾಗಾದ್ರೆ ಮಿಸೆಸ್ ಸಗ್ಡನ್, ನೀವೇ ಒಂದು ವಾರ...

ಗ್ಲೆಂಡಾ: ನನ್ನ ಲಟ್ಟಣಿಗೆ ಮನೆ ಬಿಟ್ಟು ಆಚೆ ಹೋಗಲ್ಲ.

ಮದುವೆ ಜೂನ್‌ನಲ್ಲಿ ನಮ್ಮ ಚಾಪೆಲ್‌ನಲ್ಲೇ ಎಂದು ತೀರ್ಮಾನವಾಯಿತು. ಫಿಲಿಪಾ ಸ್ವೆಟರುಗಳನ್ನೆಲ್ಲ ಒಂದರ ಮೇಲೊಂದು ತೊಟ್ಟುಕೊಂಡು, ಗ್ಲೆಂಡಾಳ ಕೆನ್ನೆಗೆ ಮುತ್ತಿಟ್ಟು ಕಾರು ಹತ್ತಿದಳು. ನನ್ನ ಸೋಫಾದ ಹಿಂದಿನ ಗೋಡೆ ಈಗ ಹೇಗಿರಬಹುದೆಂದು ನೆನೆಯುತ್ತ ನಾನೂ ಕೀಲಿ ಎತ್ತಿಕೊಂಡು ಹೊರಟೆ. ಬಾಗಿಲಲ್ಲಿ ಬೂಟು ಹಾಕಿಕೊಳ್ಳುವಾಗ ಒಳಗಿನ ಮಾತು ಕೇಳಿಸಿತು.

ಮಾಲ್ಕಮ್: ನಲವತ್ತು ರೇಡಿಯೇಟರ್, ಗ್ಲೆಂಡಾ. ಒಂದು ವಾರ ಕೊಟ್ಟಿದ್ರೆ ನಾನು ಸರಿ ಮಾಡ್ತಿದ್ದೆ.

ಗ್ಲೆಂಡಾ: ಗೊತ್ತು ಕಣೋ. ಎಲ್ಲಿ ಮಾಡಿಬಿಡ್ತೀಯೋ ಅಂತ ಭಯ ಆಗೇ ತಾನೇ ಹಾಗಂದಿದ್ದು.

ನಾನು ಎರಡನೆಯ ಬೂಟಿನ ದಾರ ಕಟ್ಟಿದೆ.

ಮಾಲ್ಕಮ್: ಹಾಗಾದ್ರೆ ಈಗಲಾದ್ರೂ ಆ ಕಿಟಕಿ ಮುಚ್ಚಲಾ?